ಮೊದಲು ತಳ ನೋಡಿ

ಮಣ್ಣಿನ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಇಲ್ಲಿ ಸಾಗರದ ಕಡೆ ಪುಷ್ಯ ಮಳೆ ಜೋರಾಗಿದೆ. ಹಲಗೆ ಮೇಲಿಟ್ಟ ಹಸಿ ಮಡಕೆಗಳು ಹತ್ತು ದಿನವಾದರೂ ಒಣಗಿಲ್ಲ. ಕೆನ್ನೆಗೆ ತಾಗಿಸಿದರೆ ಇನ್ನೂ ತಣ್ಣಗಿವೆ. ಹಾಗೇ ಸುಟ್ಟರೆ ಒಳಗಿನ ನೀರು ಆವಿಯಾಗಿ ಮಡಕೆ ಸಿಡಿದು ಹೋಗುತ್ತದೆ. ಅದಕ್ಕೇ ಭಟ್ಟಿ ಮುಚ್ಚಿಟ್ಟು ಜಗಲಿಯಲ್ಲಿ ಕೂತು ಪತ್ರ ಓದಿದೆ. ಗ್ಯಾಲರಿಗಳಲ್ಲಿ, ಮ್ಯೂಸಿಯಂಗಳಲ್ಲಿ ನೋಡಿದ ಮಣ್ಣಿನ ಕೆಲಸದ ಬಗ್ಗೆ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದವುಗಳಲ್ಲಿ ಏಳು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಗನ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಅವನು ಒಂದು ಗ್ಯಾಲರಿಗೆ ಕರೆದುಕೊಂಡು ಹೋದ. ಅಲ್ಲಿ ಒಂದು ಸೊಟ್ಟ ಬಟ್ಟಲು ಇಟ್ಟಿದ್ದರು. ಒಂದು ಕಡೆ ಅಂಚು ಕುಸಿದಿದೆ, ಬಣ್ಣ ಅರ್ಧಕ್ಕೇ ನಿಂತಿದೆ. ಬೆಲೆ 45,000 ರೂಪಾಯಿ! ನಮ್ಮ ಸಂತೆಯಲ್ಲಿ ನೆಟ್ಟಗಿರುವ ಮಡಕೆ 150 ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಅಂಥದ್ದೇನಿದೆ ಎಂದು ನನಗೆ ಅರ್ಥವಾಗಲಿಲ್ಲ. — ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ಆ ಬಟ್ಟಲನ್ನು ನಾನು ನೋಡಿಲ್ಲ. ಅದು ಆ ಬೆಲೆಗೆ ತಕ್ಕದ್ದೋ ಅಲ್ಲವೋ ಎಂದು ಇಲ್ಲಿ ಕೂತು ಹೇಳಲಾರೆ. ಹೇಗೆ ನೋಡಬೇಕು ಎಂದು ಮಾತ್ರ ಹೇಳಬಲ್ಲೆ. ಅದನ್ನು ನನಗೆ ಕಲಿಸಿದ್ದು ಯಾವ ಗ್ಯಾಲರಿಯೂ ಅಲ್ಲ, ನಮ್ಮೂರ ಪಕ್ಕದ ಕುಂಬಾರಕೇರಿಯ ಒಬ್ಬ ಅಜ್ಜ.

ನಾನು ಅಡಿಕೆ ತೋಟದ ಮನೆಯವಳು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮಡಕೆ ಮಾಡಲು ಕಲಿಯುತ್ತೇನೆ ಎಂದು ಅವರ ಜಗಲಿಗೆ ಹೋಗಿ ಕೂತೆ. ಅವರು ತಿಗರಿ, ಅಂದರೆ ಮಡಕೆ ಮಾಡುವ ಚಕ್ರ, ಮುಟ್ಟಲು ಬಿಡಲಿಲ್ಲ. ಎರಡು ಗಡಿಗೆ ತಂದು ಮುಂದಿಟ್ಟು, "ಯಾವುದು ಚೆನ್ನಾಗಿದೆ ಹೇಳು" ಎಂದರು. ನಾನು ನುಣುಪಾಗಿ ಹೊಳೆಯುತ್ತಿದ್ದುದನ್ನು ತೋರಿಸಿದೆ. ಅವರು ಎರಡನ್ನೂ ಕವುಚಿ ಹಾಕಿದರು. "ಈಗ ಹೇಳು."

ನಾನು ತೋರಿಸಿದ ಗಡಿಗೆಯ ತಳ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇನ್ನೊಂದರ ತಳದಲ್ಲಿ ಹಲಗೆಯಿಂದ ತಟ್ಟಿದ ಗುರುತುಗಳು ಒಂದರ ಪಕ್ಕ ಒಂದು, ಮೀನಿನ ಮೈಯ ಪೊರೆಯ ಹಾಗೆ ಕೂತಿದ್ದವು. ಒಳಗೆ ಕೈ ಹಾಕಿ ನೋಡಿದೆ. ಪ್ರತಿ ಗುರುತಿನ ಹಿಂದೆಯೂ ಬೆರಳ ತುದಿಗೆ ಸಿಗುವಷ್ಟು ಸಣ್ಣ ಕುಳಿ. ಒಳಗಡೆ ಗುಂಡುಕಲ್ಲು ಹಿಡಿದು, ಹೊರಗಡೆ ಹಲಗೆಯಿಂದ ತಟ್ಟಿ ತಟ್ಟಿ ದುಂಡಗೆ ಮಾಡಿದ್ದು ಅದು. ಗಡಿಗೆಯ ದುಂಡು ತಳ ತಿಗರಿಯ ಮೇಲೆ ಬರುವುದಲ್ಲ. ತಿಗರಿಯಿಂದ ಇಳಿಸಿದ ಮೇಲೆ ಹೀಗೆ ಗಂಟೆಗಟ್ಟಲೆ ತಟ್ಟಿ ಬರಿಸುವುದು. ಒಂದೇ ಒಂದು ಏಟು ಜೋರಾದರೂ ಅಲ್ಲಿ ತೆಳುವಾಗಿ, ಒಲೆ ಮೇಲಿಟ್ಟ ದಿನ ಬಿರಿಯುತ್ತದೆ. ಅಜ್ಜನ ಗಡಿಗೆ ಎಲ್ಲಿ ಹಿಡಿದರೂ ಒಂದೇ ದಪ್ಪ. ಅವತ್ತಿನಿಂದ ನಾನು ಯಾವ ಪಾತ್ರೆ ಕೈಗೆ ಬಂದರೂ ಮೊದಲು ತಳ ನೋಡುತ್ತೇನೆ.

ಗ್ಯಾಲರಿಯಲ್ಲೂ ಹಾಗೇ ಮಾಡಿ. ಮಾರಾಟಕ್ಕಿಟ್ಟ ವಸ್ತುವಾದರೆ "ತಳ ತೋರಿಸಿ" ಎಂದು ಕೇಳಿ. ಸಂಕೋಚ ಬೇಡ, ತೋರಿಸುತ್ತಾರೆ. ಗಾಜಿನ ಲೇಪ ಇರುವ ಪಾತ್ರೆಯ ತಳದಲ್ಲಿ ಲೇಪ ಇಲ್ಲದ ಒಂದು ಬಳೆಯಂಥ ಜಾಗ ಇರುತ್ತದೆ. ಗ್ಲೇಜ್ ಎಂದು ನಾವು ಕರೆಯುವ ಆ ಲೇಪ ಕಾವಿಗೆ ಕರಗಿ ಭಟ್ಟಿಯ ಹಲಗೆಗೆ ಅಂಟಿಬಿಡುತ್ತದೆ, ಅದಕ್ಕೇ ಅಲ್ಲಿ ಒರೆಸಿ ತೆಗೆದಿರುತ್ತಾರೆ. ಮಣ್ಣಿನ ನಿಜವಾದ ಬಣ್ಣ ಕಾಣುವುದು ಅಲ್ಲೇ. ತಿಗರಿ ತಿರುಗುತ್ತಿರುವಾಗಲೇ ದಾರದಿಂದ ಕೊಯ್ದು ತೆಗೆದಿದ್ದರೆ ತಳದಲ್ಲಿ ಕಪ್ಪೆಚಿಪ್ಪಿನಂಥ ಸುಳಿ ಇರುತ್ತದೆ. ಭಟ್ಟಿಯಲ್ಲಿ ಮುಳ್ಳಿನಂಥ ಮೂರು ಮೊನೆಯ ಆಧಾರದ ಮೇಲೆ ಕೂರಿಸಿ ಸುಟ್ಟಿದ್ದರೆ ಮೂರು ಸಣ್ಣ ಚುಕ್ಕೆ ಇರುತ್ತವೆ. ಮಾಡಿದವರು ಆ ಜಾಗವನ್ನು ಹೇಗೆ ಮುಗಿಸಿದ್ದಾರೆ ನೋಡಿ. ಯಾರೂ ನೋಡದ ಕಡೆ ಕೈ ಎಷ್ಟು ನಿಗಾ ವಹಿಸಿದೆ ಎನ್ನುವುದು ಅಲ್ಲಿ ಗೊತ್ತಾಗುತ್ತದೆ.

ಇನ್ನು ಸೊಟ್ಟದ ವಿಷಯ. 1,250 ಡಿಗ್ರಿ ದಾಟಿದ ಮೇಲೆ ಮಣ್ಣು ಒಳಗೊಳಗೇ ಸ್ವಲ್ಪ ಮೆತ್ತಗಾಗುತ್ತದೆ. ತೆಳು ಅಂಚು ಬಾಗಬಹುದು, ಗ್ಲೇಜ್ ಹರಿದು ಎಲ್ಲೋ ನಿಲ್ಲಬಹುದು. ಭಟ್ಟಿ ತೆಗೆದಾಗ ಸೊಟ್ಟಗಾದ ಹತ್ತರಲ್ಲಿ ಒಂಬತ್ತು ಬಿಸಾಡುವಂಥವು. ಹತ್ತನೆಯದು ಕಣ್ಣು ಹಿಡಿದು ನಿಲ್ಲಿಸುತ್ತದೆ. ಜಪಾನಿನಲ್ಲಿ 16ನೇ ಶತಮಾನದಲ್ಲಿ ಸೆನ್ ನೊ ರಿಕ್ಯು ಎಂಬ ಚಹಾ ಗುರುವಿಗಾಗಿ ಚೋಜಿರೊ ಎಂಬ ಕುಂಬಾರ ತಿಗರಿಯೇ ಇಲ್ಲದೆ ಬರಿಗೈಯಲ್ಲಿ ಬಟ್ಟಲು ಮಾಡಿದ. ರಾಕು ಎನ್ನುವುದು ಅದೇ. ಅವು ಚೂರು ಓರೆ. ಆದರೆ ಎರಡು ಅಂಗೈ ಜೋಡಿಸಿದರೆ ಅದರೊಳಗೆ ಸರಿಯಾಗಿ ಕೂರುತ್ತವೆ. ಅಂಥ ಓರೆಗೆ ಕಾರಣ ಇದೆ. ಸುಮ್ನೆ ಕಲೆ ಅನಿಸಲಿ ಎಂದು ಒಂದು ಕಡೆ ಒತ್ತಿ ಸೊಟ್ಟ ಮಾಡಿದ್ದಕ್ಕೆ ಕಾರಣ ಇಲ್ಲ. ಅಂಥವು ಗ್ಯಾಲರಿಗಳಲ್ಲಿ ಬೇಕಾದಷ್ಟಿವೆ. ಎತ್ತಿ ನೋಡಿದರೆ ತಳ ಕಲ್ಲಿನಷ್ಟು ಭಾರ ಇರುತ್ತದೆ, ಆಗ ಗೊತ್ತಾಗಿಬಿಡುತ್ತದೆ.

ಬೆಲೆಯ ಬಗ್ಗೆ ಒಂದು ಮಾತು. ಹೋದ ಬೇಸಿಗೆಯಲ್ಲಿ ಒಂದು ಭಟ್ಟಿಗೆ 60 ಪಾತ್ರೆ ಇಟ್ಟೆ, 38 ಉಳಿದವು. ಆ ನಷ್ಟ, ಗ್ಯಾಸು, ಗ್ಯಾಲರಿಯವರ ಪಾಲು ಎಲ್ಲ ಉಳಿದವುಗಳ ಮೇಲೇ ಬೀಳುತ್ತದೆ. ಆದರೂ ಮೇಷ್ಟ್ರೇ, ನನಗೆ ಚಿಂತೆ ಆಗುವುದು 45,000 ನೋಡಿ ಅಲ್ಲ, ನಿಮ್ಮ ಸಂತೆಯ 150 ನೋಡಿ. ಮಣ್ಣು ತರುವುದು, ಸೋಸುವುದು, ತುಳಿಯುವುದು, ತಟ್ಟುವುದು, ಮಡಕೆ ಸುಡುವ ಗೂಡಿಗೆ ಬೆಂಕಿ ಹಚ್ಚಿ ರಾತ್ರಿ ಇಡೀ ಕಾಯುವುದು. ಇಷ್ಟಕ್ಕೆ 150 ರೂಪಾಯಿ ಯಾವ ಲೆಕ್ಕದಲ್ಲೂ ಸಾಲುವುದಿಲ್ಲ.

ಪ್ರಶ್ನೆ: ನಮ್ಮ ಅತ್ತೆಯ ಕಾಲದ, ಸುಮಾರು ಎರಡಡಿ ಎತ್ತರದ ಭರಣಿ ಅಟ್ಟದ ಮೇಲಿದೆ. ಮೇಲರ್ಧ ಕಂದು, ಕೆಳಗೆ ಕೆನೆ ಬಣ್ಣ. ಮೈಮೇಲೆ ಕೂದಲೆಳೆಯಂಥ ಗೆರೆಗಳು ಕಾಣುತ್ತವೆ. ಮಗ "ಇದು ಆಂಟಿಕ್, ಮ್ಯೂಸಿಯಂಗೆ ಕೊಡೋಣ" ಎನ್ನುತ್ತಾನೆ. ನನಗೆ ಬರುವ ಬೇಸಿಗೆಯಲ್ಲಿ ಅದರಲ್ಲಿ ಮಿಡಿ ಹಾಕುವ ಆಸೆ. ಏನು ಮಾಡಲಿ ಅಕ್ಕಾ? — ಗೃಹಿಣಿ, ಹೊಸನಗರ

ಉತ್ತರ: ಮಿಡಿ ಹಾಕಿ ತಂಗೀ. ಆದರೆ ಮೊದಲು ಭರಣಿಯನ್ನು ಪರೀಕ್ಷೆ ಮಾಡಿ.

ಅಟ್ಟದಿಂದ ಇಳಿಸುವಾಗ ಕುತ್ತಿಗೆ ಹಿಡಿದು ಎತ್ತಬೇಡಿ. ಒಂದು ಕೈ ತಳದ ಕೆಳಗೆ, ಒಂದು ಕೈ ಹೊಟ್ಟೆಗೆ. ಮ್ಯೂಸಿಯಂನವರೂ ಹೀಗೇ ಎತ್ತುವುದು. ಹಿಡಿ, ಅಂಚು ಇವೆಲ್ಲ ಆಮೇಲೆ ಅಂಟಿಸಿದ ಅಥವಾ ತೆಳುವಾದ ಭಾಗ. ಅಲ್ಲಿ ಭಾರ ಬೀಳಬಾರದು. ಇಳಿಸಿದ ಮೇಲೆ ಬೆರಳ ಗೆಣ್ಣಿನಿಂದ ಹೊಟ್ಟೆಗೆ ತಟ್ಟಿ. ಗಂಟೆಯ ಹಾಗೆ ಟಣ್ ಎಂದರೆ ಮೈ ಗಟ್ಟಿ. ದಬ್ ಎಂದು ಸದ್ದು ಸತ್ತರೆ ಎಲ್ಲೋ ಸೀಳಿದೆ. ಮತ್ತೆ ಕವುಚಿ, ತಳದ ಒರಟು ಜಾಗಕ್ಕೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ಕೂತರೆ ಅದು ಹೆಚ್ಚು ಕಾವಿನಲ್ಲಿ ಸುಟ್ಟ ಗಟ್ಟಿ ಮಣ್ಣು, ಸ್ಟೋನ್‌ವೇರ್. ಕುಡಿದುಬಿಟ್ಟರೆ ಮೆತ್ತನೆ ಮಣ್ಣು. ಕೊನೆಗೆ ನೀರು ತುಂಬಿ ಹಳೇ ಪೇಪರ್ ಮೇಲೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಸಾಕು.

ನೀವು ಹೇಳುವ ಕೂದಲೆಳೆ ಗೆರೆ ಬಹುಶಃ ಗ್ಲೇಜ್‌ನ ಬಿರುಕು. ಭಟ್ಟಿ ಆರುವಾಗ ಒಳಗಿನ ಮಣ್ಣಿಗಿಂತ ಮೇಲಿನ ಗಾಜಿನ ಲೇಪ ಜಾಸ್ತಿ ಕುಗ್ಗಿದರೆ ಹೀಗೆ ಬಲೆ ಬಲೆಯಾಗಿ ಬಿರಿಯುತ್ತದೆ. ಒಮ್ಮೊಮ್ಮೆ ವರ್ಷಗಳಾದ ಮೇಲೂ ಆಗುತ್ತದೆ. ಚೀನಾದಲ್ಲಿ ಇದನ್ನೇ ಬೇಕೆಂದು ಬರಿಸಿ, ಅಂದ ಎಂದು ಮೆಚ್ಚಿದವರಿದ್ದಾರೆ. ಅದೇ ಗೆರೆ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಂಡರೆ ಮಾತ್ರ ಅದು ಸೀಳು. ಆಗ ಉಪ್ಪಿನಕಾಯಿಗೆ ಬೇಡ.

ಮಿಡಿಗೆ ಭರಣಿಯೇ ಯಾಕೆ, ಕುಂಬಾರರ ಮಡಕೆ ಯಾಕಲ್ಲ? ನನ್ನ ಮದುವೆಯಾದ ಹೊಸದರಲ್ಲಿ ನಾನು ಮಡಕೆಯಲ್ಲೇ ಹಾಕಿ ನೋಡಿದ್ದೆ. ಮಣ್ಣಿನ ಪಾತ್ರೆ ಮೇಲೆ ಅಷ್ಟು ಪ್ರೀತಿ. ಎರಡೇ ತಿಂಗಳಿಗೆ ಮಡಕೆಯ ಹೊರಮೈಯಲ್ಲಿ ಬಿಳಿ ಹೂ ಬಿಟ್ಟಿತು. ಆಮೇಲೆ ಮೈ ಹಪ್ಪಳದ ಹಾಗೆ ಪದರ ಪದರ ಉದುರಿತು. ಉಪ್ಪುನೀರು ಮಣ್ಣಿನ ಸಣ್ಣ ತೂತುಗಳೊಳಗೆ ಇಳಿದು, ಒಣಗಿ ಹರಳಾಗುತ್ತದೆ. ಹರಳು ಬೆಳೆಯುತ್ತಾ ಮಣ್ಣನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಅಗೆದು ತೆಗೆದ ಹಳೇ ಮಡಕೆಗಳಿಗೂ ಇದೇ ಕಾಯಿಲೆ. ಸಾವಿರಾರು ವರ್ಷ ನೆಲದ ಉಪ್ಪು ಕುಡಿದಿರುತ್ತವೆ. ಮ್ಯೂಸಿಯಂಗೆ ಬಂದ ಮೇಲೆ ಗಾಳಿಯ ತೇವ ಏರಿಳಿದಾಗ ಉದುರಲು ಶುರು. ಅದಕ್ಕೇ ಅವುಗಳನ್ನು ಶುದ್ಧ ನೀರಲ್ಲಿ ನೆನೆಸಿ, ನೀರು ಬದಲಿಸುತ್ತಾ, ಉಪ್ಪು ಬಿಡುವುದು ನಿಲ್ಲುವವರೆಗೆ ಕಾಯುತ್ತಾರೆ. ನಮ್ಮ ಅಜ್ಜಿಯರು ಉಪ್ಪಿಗೆ ಭರಣಿ, ಸಾರಿಗೆ ಮಡಕೆ ಎಂದು ಬೇರೆ ಬೇರೆ ಇಟ್ಟಿದ್ದು ಸುಮ್ನೆ ಅಲ್ಲ.

ಇನ್ನೊಂದು ಎಚ್ಚರ. ಹೊಳೆಯುವ ಹಳದಿ, ಕಿತ್ತಳೆ, ಹಸಿರು ಲೇಪದ ಹಳೇ ಮೆತ್ತನೆ ಪಾತ್ರೆಗಳಲ್ಲಿ ಸೀಸ ಇರಬಹುದು. ಹುಳಿ ಅದನ್ನು ಎಳೆದು ತೆಗೆಯುತ್ತದೆ. ಅವು ಶೋಕೇಸಿಗಷ್ಟೇ ಇರಲಿ.

ಮ್ಯೂಸಿಯಂ ವಿಷಯಕ್ಕೆ ಬಂದರೆ, ಇಂಥ ಭರಣಿಗಳು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಆದವು. ಉತ್ತರದಲ್ಲಿ ಖುರ್ಜಾ, ನಮ್ಮ ಕಡೆಗೆ ಹತ್ತಿರದಲ್ಲಿ ರಾಣಿಪೇಟೆ ಇದಕ್ಕೆ ಹೆಸರು. ಬರೀ ಭರಣಿಯಾಗಿ ಅದು ಅಪರೂಪದ್ದಲ್ಲ. ಅಪರೂಪ ಇರುವುದು ಅದರ ಬಳಕೆಯಲ್ಲಿ. ನಮ್ಮಮ್ಮನ ಭರಣಿಯ ಕುತ್ತಿಗೆಯಲ್ಲಿ ಒಂದು ಮಾಸಿದ ಉಂಗುರ ಇದೆ. ಪ್ರತಿ ವರ್ಷ ಬಿಳಿ ಬಟ್ಟೆ ಮುಚ್ಚಿ, ಬಾಳೆನಾರಿನ ದಾರ ಬಿಗಿದ ಜಾಗ. ನಲವತ್ತು ವರ್ಷದ ದಾರ ಗ್ಲೇಜ್‌ನ ಹೊಳಪನ್ನು ಅಲ್ಲಿ ತಿಂದಿದೆ. ನಿಮ್ಮ ಭರಣಿಯಲ್ಲೂ ಇರಬಹುದು, ಹುಡುಕಿ. ಯಾವ ಮರದ ಮಿಡಿ, ಯಾರು ಹಾಕುತ್ತಿದ್ದರು, ಎಷ್ಟು ಹಿಡಿಯುತ್ತಿತ್ತು ಎಂದು ಮಗನ ಕೈಲಿ ಒಂದು ಹಾಳೆಯಲ್ಲಿ ಬರೆಸಿ ಇಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಮ್ಯೂಸಿಯಂಗೆ ಕೊಟ್ಟರೆ ಆ ಹಾಳೆಯನ್ನೂ ಜೊತೆಗೇ ಕೊಡಿ.

ಪ್ರಶ್ನೆ: ಮ್ಯೂಸಿಯಂ ಚೀಟಿಗಳಲ್ಲಿ ಟೆರಾಕೋಟಾ, ಸ್ಟೋನ್‌ವೇರ್, ಪಾರ್ಸಲಿನ್ ಎಂದು ಬರೆದಿರುತ್ತಾರೆ. ಎಲ್ಲವೂ ಮಣ್ಣೇ ತಾನೆ? — ಪಿಯು ವಿದ್ಯಾರ್ಥಿನಿ, ಶಿಕಾರಿಪುರ

ಉತ್ತರ: ಎಲ್ಲವೂ ಮಣ್ಣೇ. ಮಣ್ಣಿನ ಜಾತಿ ಬೇರೆ, ಕಾವು ಬೇರೆ. ನಮ್ಮ ಹೂಕುಂಡ, ಹಣತೆ, ನಾಡಹೆಂಚು ಎಲ್ಲ ಟೆರಾಕೋಟಾ. ಸಾವಿರ ಡಿಗ್ರಿಯ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಕಾವಿನಲ್ಲಿ ಸುಟ್ಟದ್ದು, ನೀರು ಕುಡಿಯುತ್ತದೆ. ಸ್ಟೋನ್‌ವೇರ್ 1,200 ಡಿಗ್ರಿ ದಾಟಿದ್ದು, ನೀರು ಕುಡಿಯುವುದಿಲ್ಲ. ಪಾರ್ಸಲಿನ್ ಎಂದರೆ ಬಿಳಿ ಕೆಯೊಲಿನ್ ಮಣ್ಣಿನದು, ಇನ್ನೂ ಹೆಚ್ಚು ಕಾವು. ಚೀನಾದ ಜಿಂಗ್‌ಡೆಜೆನ್ ಊರಿನ ಹತ್ತಿರದ ಗಾವೊಲಿಂಗ್ ಗುಡ್ಡದಿಂದ ಕೆಯೊಲಿನ್ ಎಂಬ ಹೆಸರು ಬಂತು. ತೆಳುವಾದ ಪಾರ್ಸಲಿನ್ ಬಟ್ಟಲನ್ನು ದೀಪಕ್ಕೆ ಹಿಡಿದು ಹಿಂದೆ ಬೆರಳಾಡಿಸಿದರೆ ನೆರಳು ಕಾಣುತ್ತದೆ. ನಾವು ಕನ್ನಡದಲ್ಲಿ ಎಲ್ಲಕ್ಕೂ ಪಿಂಗಾಣಿ ಎಂದುಬಿಡುತ್ತೇವೆ. ಭರಣಿಗೂ ಪಿಂಗಾಣಿ, ಚಹಾ ಕಪ್ಪಿಗೂ ಪಿಂಗಾಣಿ. ಮನೆಯಲ್ಲಿ ಅದು ಸರಿ, ಚೀಟಿ ಓದುವಾಗ ಮಾತ್ರ ಬೇರೆ ಬೇರೆ ಎಂದು ನೆನಪಿರಲಿ.

ಪ್ರಶ್ನೆ: ಯಾವ ಮ್ಯೂಸಿಯಂಗೆ ಹೋದರೂ "ಮುಟ್ಟಬೇಡಿ" ಎನ್ನುತ್ತಾರೆ. ಮಣ್ಣಿನ ವಸ್ತುವನ್ನು ಮುಟ್ಟದೆ ಹೇಗೆ ತಿಳಿಯುವುದು? — ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಮ್ಮ ಸಂಕಟ ನನ್ನದೂ ಹೌದು. ಆದರೂ ಮ್ಯೂಸಿಯಂನವರ ಪರವಾಗಿ ಎರಡು ಘಟನೆ ಹೇಳುತ್ತೇನೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫಿಟ್ಜ್‌ವಿಲಿಯಂ ಮ್ಯೂಸಿಯಂ ಇದೆ. ಅಲ್ಲಿ ಮೆಟ್ಟಿಲ ಪಕ್ಕದ ಕಿಟಕಿ ಕಟ್ಟೆಯ ಮೇಲೆ ಚೀನಾದ ಮೂರು ದೊಡ್ಡ ಹೂದಾನಿಗಳಿದ್ದವು. ಚಿಂಗ್ ಅರಸರ ಕಾಲದವು. ಎಷ್ಟೋ ವರ್ಷ ಏನೂ ಆಗಿರಲಿಲ್ಲ. 2006ರ ಜನವರಿಯಲ್ಲಿ ನೋಡಲು ಬಂದವರೊಬ್ಬರು ಬಿಚ್ಚಿಕೊಂಡ ಶೂ ದಾರ ತುಳಿದು ಎಡವಿದರು. ಮೂರೂ ಚೂರು ಚೂರು. ಆಮೇಲೆ ನುರಿತವರು ಚೂರುಗಳನ್ನು ಕೂಡಿಸಿ ಮತ್ತೆ ನಿಲ್ಲಿಸಿದರು. ಅದಕ್ಕೆ ಹಿಡಿದ ತಾಳ್ಮೆ ನೆನೆದರೆ ಕೈಮುಗಿಯಬೇಕು ಅನ್ನಿಸುತ್ತದೆ. ಇಂಥ ಕೆಲಸಕ್ಕೆ ಅವರು ಅಂಗಡಿಯ ದಿಢೀರ್ ಅಂಟು ಬಳಸುವುದಿಲ್ಲ. ಬೇಕೆಂದಾಗ ಕರಗಿಸಿ ಬಿಡಿಸಬಹುದಾದ ಅಂಟನ್ನು ಬಳಸುತ್ತಾರೆ. ಮುಂದೆ ಇನ್ನೂ ಚೆನ್ನಾಗಿ ಕೂಡಿಸುವವರು ಬರಬಹುದಲ್ವಾ?

ಇನ್ನೊಂದು 2010ರ ಅಕ್ಟೋಬರ್‌ನದು. ಚೀನಾದ ಕಲಾವಿದ ಐ ವೈವೈ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯ ದೊಡ್ಡ ಸಭಾಂಗಣದ ನೆಲದ ತುಂಬ ಪಾರ್ಸಲಿನ್‌ನ ಸೂರ್ಯಕಾಂತಿ ಬೀಜ ಹಾಸಿದರು. ಹತ್ತು ಕೋಟಿ ಬೀಜ! ಮೇಲೆ ಹೇಳಿದ ಅದೇ ಜಿಂಗ್‌ಡೆಜೆನ್ ಊರಿನ ಸುಮಾರು 1,600 ಜನ ಒಂದೊಂದು ಬೀಜಕ್ಕೂ ಕೈಯಲ್ಲೇ ಕಪ್ಪು ಗೆರೆ ಎಳೆದಿದ್ದರು. ಅದರ ಮೇಲೆ ನಡೆಯಿರಿ, ಮಲಗಿ, ಮುಷ್ಟಿಯಲ್ಲಿ ಹಿಡಿಯಿರಿ ಎಂದೇ ಹಾಸಿದ್ದು. ಜನ ನಡೆದರು. ಬೀಜ ಬೀಜಕ್ಕೆ ಉಜ್ಜಿ ಸಣ್ಣ ಧೂಳೆದ್ದಿತು. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೆಲವೇ ದಿನದಲ್ಲಿ ಹಗ್ಗ ಕಟ್ಟಿ, ದೂರದಿಂದ ನೋಡಿ ಎಂದರು. ನಮ್ಮ ಕಾರ್ಯಾಗಾರದಲ್ಲೂ ಒಣಮಣ್ಣನ್ನು ಪೊರಕೆಯಿಂದ ಗುಡಿಸಲು ನಾನು ಬಿಡುವುದಿಲ್ಲ. ಒದ್ದೆ ಬಟ್ಟೆಯಲ್ಲೇ ಒರೆಸಬೇಕು.

ಗ್ಲೇಜ್ ಇಲ್ಲದ ಮಣ್ಣಿಗೆ ಬೆರಳ ಜಿಡ್ಡೂ ಇಳಿಯುತ್ತದೆ. ನೂರು ಜನ ಒಂದೇ ಕಡೆ ಮುಟ್ಟಿದರೆ ಅಲ್ಲಿ ಕಪ್ಪು ಕಲೆ ನಿಲ್ಲುತ್ತದೆ. ಆದರೆ ಮ್ಯೂಸಿಯಂನವರನ್ನೂ ಒಂದು ಕೇಳುತ್ತೇನೆ. ಬೆಲೆಯಿಲ್ಲದ ನಾಲ್ಕು ಚೂರನ್ನು ಬಾಗಿಲ ಹತ್ತಿರ ಒಂದು ಬುಟ್ಟಿಯಲ್ಲಿಡಿ. ಒಂದು ಟೆರಾಕೋಟಾ, ಒಂದು ಸ್ಟೋನ್‌ವೇರ್, ಒಂದು ಪಾರ್ಸಲಿನ್, ಒಂದು ಸುಡದ ಹಸಿ ಮಣ್ಣು. ಜನ ಅವನ್ನು ಮುಟ್ಟಿ ಒಳಗೆ ಬರಲಿ. ನನ್ನ ಕಾರ್ಯಾಗಾರದ ಬಾಗಿಲಲ್ಲಿ ಅಂಥ ಬುಟ್ಟಿ ಇದೆ. ಶಾಲೆಯ ಮಕ್ಕಳು ಬಂದಾಗ ಮೊದಲ ಅರ್ಧ ಗಂಟೆ ಅದರ ಸುತ್ತಲೇ ಕಳೆಯುತ್ತದೆ. ಆಮೇಲೆ ಬೇರೆ ಯಾವುದಕ್ಕೂ ಅವರು ಕೈ ಹಾಕುವುದಿಲ್ಲ.

ಮ್ಯೂಸಿಯಂನಲ್ಲಿ ಗಾಜಿನ ಮುಂದೆ ನಿಂತಾಗ ಸ್ವಲ್ಪ ಬಗ್ಗಿ, ಪಾತ್ರೆಯ ತಳ ಹಲಗೆಗೆ ತಾಗುವ ಜಾಗವನ್ನು ನೋಡಿ. ಕೆಲವು ಕಡೆ ಕೆಳಗೆ ಕನ್ನಡಿ ಇಟ್ಟಿರುತ್ತಾರೆ. ಅಂಥ ಮ್ಯೂಸಿಯಂ ಮೇಲೆ ನನಗೆ ಗೌರವ ಜಾಸ್ತಿ.

ಪ್ರಶ್ನೆ: ತೋಟದಲ್ಲಿ ಕೃಷಿ ಹೊಂಡ ತೆಗೆಸುವಾಗ ಆರಡಿ ಆಳದಲ್ಲಿ ಮಡಕೆ ಚೂರುಗಳು ಸಿಕ್ಕಿವೆ. ಒಳಗೆ ಕಪ್ಪು, ಹೊರಗೆ ಕೆಂಪು, ಮೈ ನುಣುಪಾಗಿದೆ. ಏನು ಮಾಡಬೇಕು? — ಕೃಷಿಕರು, ಸೊರಬ

ಉತ್ತರ: ಮೊದಲು ಆ ಭಾಗದಲ್ಲಿ ಜೆಸಿಬಿ ನಿಲ್ಲಿಸಿ. ಇದನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಬೋಕಿ ಎಂದು ಬಿಸಾಡುವಂಥದ್ದೂ ಇರಬಹುದು, ತುಂಬ ಹಳೆಯದೂ ಇರಬಹುದು. ಅಡುಗೆ ಮಡಕೆಯಾದರೆ ಮಸಿ ಹೊರಗಡೆ, ತಳದಲ್ಲಿ ಇರುತ್ತದೆ. ನಿಮ್ಮದರಲ್ಲಿ ಒಳಗಡೆ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು ಇದ್ದರೆ ಅದು ಬೇರೆ ಜಾತಿ. ಪುರಾತತ್ವದವರು ಅದನ್ನು ಕಪ್ಪು-ಕೆಂಪು ಮಡಕೆ ಎನ್ನುತ್ತಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ, ಕಬ್ಬಿಣ ಬಳಸುತ್ತಿದ್ದ ಕಾಲದ ಕಲ್ಲುಸಮಾಧಿಗಳಲ್ಲಿ ಇಂಥವು ಸಿಕ್ಕಿವೆ. ಒಂದೇ ಮಡಕೆಯಲ್ಲಿ ಎರಡು ಬಣ್ಣ ಬಂದದ್ದು ಬಣ್ಣ ಬಳಿದು ಅಲ್ಲ, ಬೆಂಕಿಯಿಂದ. ಮಡಕೆಯನ್ನು ಬೋರಲು ಹಾಕಿ, ಒಳಗೆ ಹುಲ್ಲು ಸೊಪ್ಪು ತುಂಬಿ ಸುಡುತ್ತಿದ್ದರೆಂದು ತಿಳಿದವರು ಹೇಳುತ್ತಾರೆ. ಒಳಗೆ ಗಾಳಿ ಆಡದೆ ಹೊಗೆ ಕಟ್ಟಿ ಕಪ್ಪು. ಹೊರಗೆ ಗಾಳಿ ಸಿಕ್ಕಿ ಮಣ್ಣಿನ ಕಬ್ಬಿಣ ಕೆಂಪಾಯಿತು. ನಾನೂ ಒಮ್ಮೆ ಹೀಗೆ ಸುಟ್ಟು ನೋಡಿದ್ದೇನೆ. ಅಡಿಕೆ ಸೋಗೆ, ಬತ್ತದ ಹುಲ್ಲು ತುಂಬಿ. ಮೊದಲೆರಡು ಸಲ ಪೂರ್ತಿ ಕಪ್ಪಾದವು. ಮೂರನೇ ಸಲ ಕಪ್ಪು ಕೆಂಪಿನ ನಡುವೆ ಕಾಡಿಗೆ ತೀಡಿದಂಥ ಗೆರೆ ಬಂತು. ಅವತ್ತು ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ. ಅಷ್ಟು ಹಿಂದಿನ ಒಬ್ಬ ಕುಂಬಾರನ ಬೆಂಕಿ ನನಗೆ ಅರ್ಥವಾಯಿತು ಅನ್ನಿಸಿತು.

ಚೂರುಗಳನ್ನು ಬ್ರಷ್ ಹಾಕಿ ತಿಕ್ಕಬೇಡಿ, ಅಂಟಿಸಬೇಡಿ. ಸಿಕ್ಕ ಜಾಗದ ಫೋಟೊ ತೆಗೆಯಿರಿ, ಎಷ್ಟು ಆಳ ಎಂದು ಬರೆಯಿರಿ. ಜಾಗ ಬಿಟ್ಟು ಬಂದ ಚೂರು ಊರ ಹೆಸರು ಮರೆತವರ ಹಾಗೆ, ಏನು ಕೇಳಿದರೂ ಪೂರ್ತಿ ಹೇಳಲಾರದು. ನೆಲದಡಿ ಸಿಕ್ಕ ಬೆಲೆಬಾಳುವ ವಸ್ತುವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ತಹಶೀಲ್ದಾರರ ಕಚೇರಿಗೆ ಒಂದು ಅರ್ಜಿ ಕೊಡಿ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ, ಅಲ್ಲೂ ಫೋಟೊ ತೋರಿಸಿ. ತೋಟ ಹೋಗಿಬಿಡುತ್ತದೆ ಎಂದು ಹೆದರಿ ಮುಚ್ಚಿಹಾಕಬೇಡಿ.

ಪ್ರಶ್ನೆ: ಮಣ್ಣಿನ ಕಲೆ ನೋಡಲು ಎಲ್ಲಿಗೆ ಹೋಗಬೇಕು? — ದಂಪತಿ, ಕೊಪ್ಪ

ಉತ್ತರ: ಹತ್ತಿರದಿಂದ ಶುರು ಮಾಡಿ. ಕುಪ್ಪಳಿಯ ಕವಿಮನೆಯಲ್ಲಿ ಹಳೇ ಮಲೆನಾಡಿನ ಮನೆಬಳಕೆಯ ಸಾಮಾನುಗಳಿವೆ. ಶಿವಪ್ಪನಾಯಕ ಅರಮನೆಯಲ್ಲಿ ಕಲ್ಲಿನ ಶಿಲ್ಪ, ವೀರಗಲ್ಲುಗಳೇ ಮುಖ್ಯ. ರಾಮನಗರದ ಜಾನಪದ ಲೋಕಕ್ಕೆ ಒಂದು ಪೂರ್ತಿ ದಿನ ಇಡಿ. ಹೈದರಾಬಾದಿಗೆ ಹೋದರೆ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಚೀನಾದ ಸೆಲಡಾನ್, ಅಂದರೆ ಹಸಿರು ಗ್ಲೇಜ್‌ನ ತಟ್ಟೆಗಳನ್ನು ಬಿಡಬೇಡಿ. ವಿಷದ ಊಟ ಬಡಿಸಿದರೆ ತಟ್ಟೆಯೇ ಬಿರಿದು ತಿಳಿಸುತ್ತದೆ ಎಂದು ಹಿಂದಿನವರು ನಂಬಿದ್ದರು. ದೆಹಲಿಯ ಆನಂದಗ್ರಾಮದಲ್ಲಿ ಸಂಸ್ಕೃತಿ ಟೆರಾಕೋಟಾ ಮ್ಯೂಸಿಯಂ ಇದೆ, ದೇಶದ ಬೇರೆ ಬೇರೆ ಮೂಲೆಯ ಮಣ್ಣಿನ ಕೆಲಸ ಅಲ್ಲಿ ಒಟ್ಟಿಗೆ ಸಿಗುತ್ತದೆ. ಇವತ್ತಿನ ಕೆಲಸ ನೋಡಬೇಕಾದರೆ ಪುದುಚೇರಿ ಕಡೆ ಹೋಗಿ. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಅಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಶುರು ಮಾಡಿದ ಮೇಲೆ ಆ ಊರು ಮಣ್ಣಿನವರ ಊರೇ ಆಗಿದೆ. ಮೀಕರ್ ಮಣ್ಣಿನ ಮನೆ ಕಟ್ಟಿ, ಇಡೀ ಮನೆಯನ್ನೇ ಭಟ್ಟಿಯ ಹಾಗೆ ಸುಟ್ಟವರು.

ಪ್ರಶ್ನೆ: ನಾವು ಕುಂಬಾರರು. ನಾನು ಬಿ.ಎ. ಮುಗಿಸಿದ್ದೇನೆ. ಹೆಣ್ಣುಮಕ್ಕಳು ತಿಗರಿ ಮುಟ್ಟಬಾರದು ಎಂದು ಅಜ್ಜ ಹೇಳುತ್ತಾರೆ, ಅಪ್ಪ ಗುಟ್ಟಾಗಿ ಕಲಿಸಿದ್ದಾರೆ. ನನ್ನ ಕೆಲಸವನ್ನು ಗ್ಯಾಲರಿಯಲ್ಲಿ ಇಡಬೇಕೆಂಬ ಆಸೆ. ಒಂದು ಕಡೆ ಕೇಳಿದ್ದಕ್ಕೆ "ಇದು ಕರಕುಶಲ, ಕಲೆ ಅಲ್ಲ" ಎಂದರು. ನನಗೆ ದಾರಿ ಇದೆಯಾ ಅಕ್ಕಾ? — ಯುವತಿ, ಭದ್ರಾವತಿ ತಾಲ್ಲೂಕು

ಉತ್ತರ: ಇದೆ ತಂಗೀ. ನಿನ್ನ ಪತ್ರವನ್ನು ಮೂರು ಸಲ ಓದಿದೆ.

ಅಜ್ಜನ ಮೇಲೆ ಸಿಟ್ಟು ಬೇಡ. ಮಣ್ಣು ತುಳಿಯುವುದು, ತಟ್ಟುವುದು, ಬಣ್ಣ ಬಳಿಯುವುದು ಹೆಂಗಸರದ್ದು, ತಿಗರಿ ಗಂಡಸರದ್ದು ಎಂದು ಅವರು ಕಂಡದ್ದು ಹಾಗೆ. ಮಣಿಪುರದ ಆಂಡ್ರೊ ಎಂಬ ಊರಲ್ಲಿ ಮಡಕೆ ಮಾಡುವವರು ಹೆಂಗಸರೇ, ಅದೂ ತಿಗರಿಯೇ ಇಲ್ಲದೆ ಎಂದು ಅವರಿಗೆ ಹೇಳು. ಬರೋಡಾದಲ್ಲಿ ಎಷ್ಟೋ ವರ್ಷ ಪಾಠ ಮಾಡಿದ ಜ್ಯೋತ್ಸ್ನಾ ಭಟ್ ಅವರ ಮಣ್ಣಿನ ಬೆಕ್ಕುಗಳ ಚಿತ್ರ ಹುಡುಕಿ ತೋರಿಸು. ನೋಡಿದರೆ ಅಜ್ಜನಿಗೂ ಇಷ್ಟವಾಗುತ್ತದೆ.

ಕರಕುಶಲ, ಕಲೆ ಎಂಬ ಗೋಡೆ ಮಣ್ಣಿನ ವಿಷಯದಲ್ಲಿ ನಿಲ್ಲುವುದಿಲ್ಲ. ಕೆ.ಜಿ. ಸುಬ್ರಮಣ್ಯನ್ ಚಿತ್ರಕಾರರಾಗಿ ಟೆರಾಕೋಟಾಕ್ಕೆ ಬಂದರು. ಲಖನೌನ ರವೀಂದ್ರಾಲಯದ ಹೊರಗೋಡೆಯ ಅವರ ಕೆಲಸ 1963ರದ್ದು. ಹಿಮ್ಮತ್ ಶಾ ಮಣ್ಣಿನಲ್ಲಿ ಮಾಡಿದ ಮುಖಗಳನ್ನು ಕಲೆಯಲ್ಲ ಎನ್ನುವವರು ಯಾರಿದ್ದಾರೆ? 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ ಮಣ್ಣಿನ ಕಲೆಗೇ ಮೀಸಲಾದ ಭಾರತದ ಮೊದಲ ತ್ರೈವಾರ್ಷಿಕ ಪ್ರದರ್ಶನ ನಡೆಯಿತು. ಕಾಲ ಬದಲಾಗುತ್ತಿದೆ.

ಆದರೆ ನನಗೆ ಆದದ್ದನ್ನೂ ಹೇಳಬೇಕು. ಹಿಂದೊಮ್ಮೆ ದೊಡ್ಡ ಊರಿನ ಗ್ಯಾಲರಿಯೊಂದಕ್ಕೆ ನನ್ನ ಏಳು ಪಾತ್ರೆ ಕಳಿಸಿದ್ದೆ. ಜೊತೆಗೆ ನನ್ನ ಗುರು, ಆ ಕುಂಬಾರಕೇರಿಯ ಅಜ್ಜನ ಎರಡು ಗಡಿಗೆ. ಪ್ರದರ್ಶನಕ್ಕೆ ಹೋಗಿ ನೋಡಿದರೆ ನನ್ನ ಪಾತ್ರೆಗಳ ಕೆಳಗೆ ನನ್ನ ಹೆಸರಿತ್ತು. ಅಜ್ಜನ ಗಡಿಗೆಗಳ ಕೆಳಗೆ "ಗ್ರಾಮೀಣ ಕುಶಲಕರ್ಮಿ, ಮಲೆನಾಡು" ಎಂದಿತ್ತು, ಅಷ್ಟೇ. ನಾನು ಹೆಸರು ಬರೆದು ಕೊಟ್ಟಿದ್ದೆ. ಕೇಳಿದರೆ, ಚೀಟಿ ಅಚ್ಚಾಗಿಬಿಟ್ಟಿದೆ ಎಂದರು. ಅವತ್ತು ನಾನು ಜಗಳ ಮಾಡಬೇಕಿತ್ತು. ಮಾಡಲಿಲ್ಲ. ಅಜ್ಜ ತೀರಿಕೊಂಡು ಹನ್ನೊಂದು ವರ್ಷವಾಯಿತು, ಅದು ಇನ್ನೂ ಎದೆಯಲ್ಲಿ ಕೂತಿದೆ. ಪಾತ್ರೆಗಳು ವಾಪಸ್ ಬಂದಾಗ ಮೂರು ಒಡೆದಿದ್ದವು. ಒಂದೇ ಸುತ್ತು ಪೇಪರ್ ಸುತ್ತಿ ಕಳಿಸಿದ್ದರು.

ಹಾಗಾಗಿ ನೀನು ಮೊದಲ ದಿನದಿಂದಲೇ ಹೀಗೆ ಮಾಡು. ಮಣ್ಣು ಚರ್ಮದಷ್ಟು ಗಟ್ಟಿಯಾದಾಗ, ಪೂರ್ತಿ ಒಣಗುವ ಮೊದಲು, ತಳದಲ್ಲಿ ಮೊಳೆಯಿಂದ ನಿನ್ನ ಹೆಸರು, ಊರು, ವರ್ಷ ಗೀರು. ಕನ್ನಡದಲ್ಲೇ ಗೀರು. ಅಪ್ಪ ಮಾಡಿದ್ದಕ್ಕೆ ಅಪ್ಪನ ಹೆಸರು. ತುಂಬ ಒಣಗಿದ ಮೇಲೆ ಗೀರಿದರೆ ಅಂಚು ಉದುರುತ್ತದೆ, ತೀರಾ ಹಸಿಯಿದ್ದಾಗ ಗೀರಿದರೆ ಮಣ್ಣು ಎದ್ದು ಬರುತ್ತದೆ. ಬೆಂಕಿಯಲ್ಲಿ ಬೆಂದ ಹೆಸರನ್ನು ಯಾವ ಚೀಟಿಯೂ ಅಳಿಸಲಾರದು. ಅಳತೆಯನ್ನು ಸುಟ್ಟ ಮೇಲೆ ಬರೆದುಕೋ. ಹಸಿಯಿದ್ದದ್ದು ಸುಟ್ಟು ಬರುವಷ್ಟರಲ್ಲಿ ನೂರಕ್ಕೆ ಹತ್ತು ಪಾಲು ಕುಗ್ಗಿರುತ್ತದೆ. ಕಳಿಸುವ ಮೊದಲು ಒಂದೊಂದರದ್ದೂ ಫೋಟೊ, ಬೆಲೆ, ಒಡೆದರೆ ಯಾರ ಹೊಣೆ ಎಂಬ ಬರಹ ಕೈಯಲ್ಲಿರಲಿ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು, ನಡುವೆ ನಾಲ್ಕು ಬೆರಳು ದಪ್ಪ ಒಣಹುಲ್ಲು ತುಂಬು.

ಗ್ಲೇಜ್, ಹೆಚ್ಚು ಕಾವಿನ ಭಟ್ಟಿ ಕಲಿಯಬೇಕೆಂದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರ ಇದೆ, ವಿಚಾರಿಸು. ನಾನೂ ಅಲ್ಲಿ ಕಲಿತವಳು. ಆದರೆ ಅಪ್ಪನ ತಟ್ಟುವ ಕೈಯನ್ನು ಬಿಡಬೇಡ, ಅದನ್ನು ಯಾವ ತರಬೇತಿಯೂ ಕೊಡುವುದಿಲ್ಲ.

ಮಳೆ ಬಿಟ್ಟ ಮೇಲೆ, ದೀಪಾವಳಿ ಕಳೆದು, ಒಂದು ದಿನ ಅಪ್ಪನ ಜೊತೆ ಇಲ್ಲಿಗೆ ಬಾ. ಸಾಧ್ಯವಾದರೆ ಅಜ್ಜನನ್ನೂ ಕರೆದುಕೊಂಡು ಬಾ. ಅಲ್ಲಿಯವರೆಗೆ ನಿನ್ನ ಐದು ಕೆಲಸಗಳ ಫೋಟೊವನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸು. ಹಿಂದೆ ಸಾದಾ ಬಟ್ಟೆ ಕಟ್ಟಿ, ಬೆಳಗಿನ ಬೆಳಕಲ್ಲಿ ತೆಗೆ. ಪ್ರತಿಯೊಂದರ ತಳದ್ದೂ ಒಂದು ಫೋಟೊ ಇರಲಿ.